ಬೀಗ ಹಾಕಿದ ಪುಸ್ತಕ

ಮಾನ್ಯ ಸಂಪಾದಕರೇ,

ಮಲೆನಾಡಿನ ನಮ್ಮೂರ ಗ್ರಂಥಾಲಯದಲ್ಲಿ ಕಳೆದ ಮಳೆಗಾಲದವರೆಗೂ ಕೈಗೆ ಸಿಗುತ್ತಿದ್ದ ಕಾದಂಬರಿಯೊಂದು, ನಾಲ್ಕಾರು ಮಂದಿ ಬಂದು ಗದರಿಸಿದ ಮರುದಿನವೇ ಬೀರು ಸೇರಿದ್ದು, ಕೇಳಿದರೆ ‘ಮೇಲಿನಿಂದ ಹೇಳಿದ್ದಾರೆ’ ಎಂಬ ಉತ್ತರವಷ್ಟೇ ಸಿಗುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಅಪರಾಧ ಪ್ರಕ್ರಿಯೆಯ ಕಾನೂನು) 98ನೇ ಸೆಕ್ಷನ್ ಪ್ರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಲು ರಾಜ್ಯ ಸರ್ಕಾರ ಕಾರಣಸಹಿತ ಅಧಿಸೂಚನೆ ಹೊರಡಿಸಬೇಕು. ಅದನ್ನು ಎರಡು ತಿಂಗಳೊಳಗೆ ಹೈಕೋರ್ಟ್‌ನಲ್ಲಿ ಪ್ರಶ್ನಿಸಲೂ ಅವಕಾಶವಿದೆ. ಬಾಯಿಮಾತಿನ ನಿಷೇಧವನ್ನು ಎಲ್ಲಿ ಪ್ರಶ್ನಿಸುವುದು? ನಮ್ಮ ಜಡಿಮಳೆಗೆ, ಗಾಳಿಯಾಡದ ಬೀರುವಿನಲ್ಲಿಟ್ಟ ಪುಸ್ತಕಕ್ಕೆ ಬೂಷ್ಟು ಹಿಡಿಯಲು ಒಂದು ಆಷಾಢ ಸಾಕು (ಸುಡುವವರಿಗೆ ಸೀಮೆಎಣ್ಣೆಯ ಖರ್ಚೂ ಉಳಿಯಿತು). ಲಿಖಿತ ಆದೇಶವಿದ್ದರೆ ಸೂಚನಾ ಫಲಕದಲ್ಲಿ ಅಂಟಿಸಲಿ; ಇಲ್ಲವಾದರೆ, ಗ್ರಂಥಾಲಯ ಕರ ಕಟ್ಟುವ ನಮ್ಮ ಕೈಗೆ ಆ ಪುಸ್ತಕವನ್ನು ಮರಳಿ ಕೊಡಲಿ.

– ಒಬ್ಬ ಓದುಗ, ಶಿವಮೊಗ್ಗ ಜಿಲ್ಲೆ