ಥಿಯರಿ ಪರೀಕ್ಷೆಯನ್ನು ಮತ್ತೆ ಬರೆಯಲಿರುವ ಮಗಳಿಗೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರವನ್ನು ನಾನೂ ನಿನ್ನ ದೊಡ್ಡಮ್ಮನೂ ಓದಿದೆವು. ಇಲ್ಲಿ ಬ್ರಿಟನ್ನಿನಲ್ಲಿ ಡ್ರೈವಿಂಗ್ ಲೈಸೆನ್ಸಿಗಾಗಿ ಬರೆಯುವ ಥಿಯರಿ ಪರೀಕ್ಷೆಯ ಪ್ರಶ್ನೋತ್ತರ ಭಾಗದಲ್ಲಿ 50ಕ್ಕೆ 46 ಸರಿಯಾಗಿದ್ದರೂ, ವಿಡಿಯೊ ನೋಡಿ ರಸ್ತೆಯ ಅಪಾಯವನ್ನು ಗುರುತಿಸುವ ಹ್ಯಾಜರ್ಡ್ ಪರ್ಸೆಪ್ಷನ್ ಭಾಗದಲ್ಲಿ 75ಕ್ಕೆ 38 ಅಂಕವಷ್ಟೇ ಬಂದು, ತೇರ್ಗಡೆಗೆ ಬೇಕಾದ 44ನ್ನು ಮುಟ್ಟದ ಕಾರಣ ಎರಡೂ ಭಾಗಗಳನ್ನು ಮತ್ತೆ ಬರೆಯಬೇಕಾಗಿ ಬಂದಿರುವುದು ನಿನಗೆ ಅನ್ಯಾಯವೆನಿಸಿದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ಒಬ್ಬಳೇ ಕಾರಿನಲ್ಲಿ ಇಳಿದು ಹತ್ತಿದವಳಿಗೆ, ಕಂಪ್ಯೂಟರಿನ ಮುಂದೆ ಕೂತು ಮೌಸ್ ಒತ್ತುವ ಪರೀಕ್ಷೆ ಅಡ್ಡ ಬಂದಿತಲ್ಲ ಎಂಬ ನಿನ್ನ ನೋವು ನನಗೆ ಅರ್ಥವಾಗುತ್ತದೆ. ಊರಿನಲ್ಲಿ ಯಾರಿಗೂ ಹೇಳಬೇಡಿ ಎಂದೂ ಬರೆದಿದ್ದೀಯೆ. ಹೇಳುವುದಿಲ್ಲ, ಆದರೆ ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲವೆಂಬುದನ್ನು ಮೊದಲು ತಿಳಿದುಕೋ. ಇತ್ತೀಚಿನ ವರ್ಷಗಳಲ್ಲಿ ಈ ದೇಶದಲ್ಲಿ ಕಾರಿನ ಥಿಯರಿ ಪರೀಕ್ಷೆ ಬರೆದವರ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ತೇರ್ಗಡೆಯಾಗಿಲ್ಲ. ಅವರಲ್ಲಿ ಇಲ್ಲಿಯೇ ಹುಟ್ಟಿ, ಇಲ್ಲಿನ ರಸ್ತೆಗಳಲ್ಲೇ ಬೆಳೆದವರೂ ಇದ್ದಾರೆ.

ಆದರೂ ಈ ಪರೀಕ್ಷೆಯನ್ನು ಅನ್ಯಾಯವೆಂದು ನಾನು ಒಪ್ಪಲಾರೆ. 1996ರಲ್ಲಿ ಥಿಯರಿ ಪರೀಕ್ಷೆ ಆರಂಭವಾದಾಗ ಅದರಲ್ಲಿ ಪ್ರಶ್ನೋತ್ತರ ಮಾತ್ರ ಇತ್ತು. ನಿಯಮಗಳನ್ನು ಬಲ್ಲವರೂ ಅಪಾಯವನ್ನು ತಡವಾಗಿ ಕಾಣುತ್ತಾರೆಂಬ ಕಾರಣಕ್ಕೆ 2002ರ ನವೆಂಬರಿನಲ್ಲಿ ಹ್ಯಾಜರ್ಡ್ ಪರ್ಸೆಪ್ಷನ್ನನ್ನು ಸೇರಿಸಿದರು. ನೀನು ಹಾಸನದಲ್ಲಿ ಎಲ್‌ಎಲ್‌ಆರ್‌ಗಾಗಿ ಎದುರಿಸಿದ ಪರೀಕ್ಷೆಯಲ್ಲಿ ಚಿಹ್ನೆಗಳನ್ನೂ ನಿಯಮಗಳನ್ನೂ ಕೇಳಿದ್ದರೇ ಹೊರತು ಇಂಥದ್ದು ಇರಲಿಲ್ಲ. ಹಾಗಾಗಿ ನೀನು ಸೋತಿರುವುದು ನಿನಗೆ ಗೊತ್ತಿದ್ದ ವಿಷಯದಲ್ಲಲ್ಲ, ಯಾರೂ ನಿನಗೆ ಕಲಿಸದೆ ಇದ್ದ ವಿಷಯದಲ್ಲಿ.

ನಮ್ಮ ಊರಿನ ರಸ್ತೆಗಳು ಚಾಲಕರಿಗೆ ಕೊಡುವ ತರಬೇತಿ ಬೇರೆ ರೀತಿಯದು. ಅಲ್ಲಿ ಆಟೋ ಅಡ್ಡ ಬರುತ್ತದೆ, ಹಸು ನಡುರಸ್ತೆಯಲ್ಲಿ ನಿಂತಿರುತ್ತದೆ, ಎದುರು ದಿಕ್ಕಿನಿಂದ ಬೈಕು ನುಗ್ಗುತ್ತದೆ; ಇವೆಲ್ಲವಕ್ಕೂ ಮುಂಚಿತವಾಗಿಯೇ ಬ್ರೇಕ್ ಹಾಕುತ್ತ ಹೋದರೆ ಸಂಜೆಯೊಳಗೆ ಊರು ಸೇರುವಂತಿಲ್ಲ. ಆದ್ದರಿಂದ ನಿಜವಾಗಿಯೂ ಮೈಮೇಲೆ ಬರುವ ತನಕ ಕಣ್ಣು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇರುವುದನ್ನೂ, ಬಂದಾಗ ಕೈಕಾಲು ಚುರುಕಾಗಿ ಕೆಲಸ ಮಾಡುವುದನ್ನೂ ನಾವು ಕಲಿಯುತ್ತೇವೆ. ಅದೂ ಒಂದು ಕೌಶಲವೇ, ಆದರೆ ಇಲ್ಲಿನ ಪರೀಕ್ಷೆ ಅಳೆಯುವುದು ಅದನ್ನಲ್ಲ. ಕಾಲುದಾರಿಯಲ್ಲಿ ನಡೆಯುತ್ತಿರುವ ಮಗು ರಸ್ತೆಯ ಕಡೆಗೆ ತಿರುಗಿದ ಕ್ಷಣವನ್ನು, ಮುಂದೆ ಹೋಗುತ್ತಿರುವ ಸೈಕಲ್ಲಿನವನು ನಿಂತ ವ್ಯಾನನ್ನು ಬಳಸಿ ಹೋಗಲು ಭುಜ ತಿರುಗಿಸಿ ನೋಡಿದ ಕ್ಷಣವನ್ನು ನೀನು ಗುರುತಿಸಿದೆಯೋ ಇಲ್ಲವೋ ಎಂಬುದನ್ನು ಅದು ನೋಡುತ್ತದೆ.

ನಿನ್ನ ವೃತ್ತಿಯಲ್ಲಿ ಇದನ್ನು ನೀನು ದಿನವೂ ಮಾಡುತ್ತಿದ್ದೀಯೆ. ವಾರ್ಡಿನಲ್ಲಿ ರೋಗಿಯ ಉಸಿರಾಟ, ಆಮ್ಲಜನಕದ ಮಟ್ಟ, ರಕ್ತದೊತ್ತಡ, ನಾಡಿ, ಪ್ರಜ್ಞೆ, ತಾಪಮಾನ ಎಲ್ಲವನ್ನೂ ಬರೆದು, ಅಪಾಯದ ಮುನ್ಸೂಚನೆ ಕೊಡುವ ನ್ಯೂಸ್ (NEWS) ಸ್ಕೋರ್ ಕೂಡಿಸುವುದು ರೋಗಿ ಕುಸಿದ ಮೇಲೆ ಓಡುವುದಕ್ಕಾಗಿ ಅಲ್ಲವಲ್ಲ? ಕುಸಿಯುವ ಮೊದಲೇ, ಅಂಕ ಏರಲು ಶುರುವಾದಾಗಲೇ ಡಾಕ್ಟರನ್ನು ಕರೆಯುವುದಕ್ಕಾಗಿ. ವಾರ್ಡಿನಲ್ಲಿರುವ ಆ ಕಣ್ಣನ್ನೇ ರಸ್ತೆಗೂ ತಂದುಕೋ.

ಇನ್ನು ಅಂಕಗಳು ಬರುವ ಬಗೆಯನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ಅಪಾಯವನ್ನು ಕಂಡೂ ಅಂಕ ಕಳೆದುಕೊಳ್ಳುವವರು ಇದ್ದಾರೆ. 14 ವಿಡಿಯೊಗಳಲ್ಲಿ 15 ಅಪಾಯಗಳಿರುತ್ತವೆ. ಯಾವುದೋ ಒಂದು ವಿಡಿಯೊದಲ್ಲಿ ಎರಡಿರುತ್ತವೆ, ಯಾವುದರಲ್ಲೆಂದು ಹೇಳುವುದಿಲ್ಲ. ಅಪಾಯವೊಂದು ರೂಪುಗೊಳ್ಳಲು ಆರಂಭವಾದ ಕೂಡಲೇ ಒತ್ತಿದರೆ 5 ಅಂಕ, ತಡವಾದಂತೆ ಒಂದೊಂದೇ ಕಡಿಮೆ, ಕೊನೆಗೆ ಸೊನ್ನೆ. ರಸ್ತೆಯ ಪಕ್ಕ ನಿಂತಿರುವ ಕಾರು ಅಪಾಯದ ಸಾಧ್ಯತೆಯಷ್ಟೇ. ಅದರ ಬಲಗಡೆಯ ಇಂಡಿಕೇಟರ್ ಮಿನುಗಿ, ಅದು ಹೊರಡಲು ಶುರುಮಾಡಿ, ನೀನು ವೇಗವನ್ನೋ ದಿಕ್ಕನ್ನೋ ಬದಲಿಸಬೇಕಾಗಿ ಬಂದಾಗ ಅದು ರೂಪುಗೊಳ್ಳುತ್ತಿರುವ ಅಪಾಯ. ನಿಂತ ಕಾರನ್ನು ಕಂಡಾಗಲೇ ಒಮ್ಮೆ ಒತ್ತಿ ಸುಮ್ಮನಾದರೆ ಆ ಒತ್ತು ಲೆಕ್ಕಕ್ಕೆ ಬರದೆ ಹೋಗಬಹುದು. ಆದ್ದರಿಂದ ಅನುಮಾನ ಬಂದಾಗ ಒಮ್ಮೆ, ಅದು ಬೆಳೆಯುವುದು ಕಂಡಾಗ ಮತ್ತೊಮ್ಮೆ ಒತ್ತು. ಹಾಗೆಂದು ಉದ್ದಕ್ಕೂ ಒತ್ತುತ್ತಲೇ ಇರಬೇಡ, ತಾಳ ಹಾಕಿದಂತೆ ಒಂದೇ ಲಯದಲ್ಲಿಯೂ ಒತ್ತಬೇಡ; ಕಂಪ್ಯೂಟರು ಅದನ್ನು ಮೋಸವೆಂದು ತಿಳಿದು ಆ ವಿಡಿಯೊಗೆ ಸೊನ್ನೆ ಕೊಡುತ್ತದೆ. ನಿನ್ನ 38 ಅಂಕಗಳಿಗೆ ಕಾರಣ ತಡವಾಗಿ ಒತ್ತಿದ್ದೋ, ಬೇಗ ಒತ್ತಿದ್ದೋ, ಅತಿಯಾಗಿ ಒತ್ತಿದ್ದೋ ಎಂಬುದನ್ನು ಅಭ್ಯಾಸದ ವಿಡಿಯೊಗಳಲ್ಲಿ ಪರೀಕ್ಷಿಸಿ ನೋಡು, ಏಕೆಂದರೆ ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ಪ್ರಶ್ನೆಗಳಿಗೆ ಗುರುತು ಹಾಕಿಟ್ಟು ಕೊನೆಯಲ್ಲಿ ಹಿಂದಿರುಗಿ ನೋಡಬಹುದು. ವಿಡಿಯೊಗೆ ಆ ಅವಕಾಶವಿಲ್ಲ, ಒಂದು ಕೆಟ್ಟುಹೋದರೂ ಅದನ್ನು ಅಲ್ಲಿಗೇ ಬಿಟ್ಟು ಮುಂದಿನದನ್ನು ನೋಡು.

46 ಬಂದಿದೆಯೆಂದು ಪ್ರಶ್ನೋತ್ತರವನ್ನು ಕಡೆಗಣಿಸುವುದೂ ಬೇಡ. ಅಲ್ಲಿ 43 ಬೇಕು, ಪ್ರಶ್ನೆಗಳು ಬೇರೆಯವೇ ಬರುತ್ತವೆ. ಉತ್ತರಗಳನ್ನು ಬಾಯಿಪಾಠ ಮಾಡಿದ್ದೆನೆಂದು ಬರೆದಿದ್ದೀಯೆ. ಈ ಸಲ ಇಲ್ಲಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡನ್ನೇ ಮೊದಲಿನಿಂದ ಕೊನೆಯವರೆಗೆ ಓದು, ಅದು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿಯೇ ದೊರೆಯುತ್ತದೆ. ನಿಲ್ಲುವ ದೂರವನ್ನೇ ತೆಗೆದುಕೋ: ಗಂಟೆಗೆ 30 ಮೈಲಿಯಲ್ಲಿ ಹೋಗುವ ಕಾರು ನಿಲ್ಲಲು 23 ಮೀಟರ್ ಬೇಕು, 60 ಮೈಲಿಯಲ್ಲಿ 73 ಮೀಟರ್. ವೇಗ ಇಮ್ಮಡಿಯಾದರೆ ಯೋಚಿಸುವ ಹೊತ್ತಿನಲ್ಲಿ ಸಾಗುವ ದೂರ 9ರಿಂದ 18 ಮೀಟರಿಗೆ ಏರುತ್ತದೆ, ಆದರೆ ಬ್ರೇಕ್ ಹಾಕಿದ ಮೇಲಿನ ದೂರ 14ರಿಂದ 55ಕ್ಕೆ, ಎಂದರೆ ಸುಮಾರು ನಾಲ್ಕು ಪಟ್ಟು ಬೆಳೆಯುತ್ತದೆ. ಈ ಕಾರಣ ಮನಸ್ಸಿನಲ್ಲಿ ನಿಂತರೆ ಅಂಕಿಗಳು ತಾವಾಗಿಯೇ ನಿಲ್ಲುತ್ತವೆ. ನಮ್ಮ ಕಡೆಯ ಅಭ್ಯಾಸಗಳು ಮೋಸ ಮಾಡುವ ಜಾಗಗಳನ್ನೂ ಬೇರೆಯಾಗಿ ಬರೆದಿಟ್ಟುಕೋ. ಹೆಡ್‌ಲೈಟ್ ಮಿನುಗಿಸುವುದು ಅಲ್ಲಿ ದಾರಿ ಬಿಡಿಸಿಕೊಳ್ಳುವುದಕ್ಕೆ. ಇಲ್ಲಿ, ಕೋಡಿನ ಪ್ರಕಾರ, ನಾನು ಇಲ್ಲಿದ್ದೇನೆ ಎಂದು ತಿಳಿಸುವುದಕ್ಕೆ ಮಾತ್ರ. ಹಸಿರು ದೀಪ ಬರುವ ಮುನ್ನ ಇಲ್ಲಿ ಕೆಂಪು ಮತ್ತು ಹಳದಿ ಒಟ್ಟಿಗೆ ಉರಿಯುತ್ತವೆ, ಆಗಲೂ ನಿಂತೇ ಇರಬೇಕು. 2022ರ ಜನವರಿಯಲ್ಲಿ ಬದಲಾದ ನಿಯಮದಂತೆ, ನೀನು ತಿರುಗಲಿರುವ ರಸ್ತೆಯನ್ನು ದಾಟುತ್ತಿರುವವರಿಗಷ್ಟೇ ಅಲ್ಲ, ದಾಟಲು ಕಾದು ನಿಂತವರಿಗೂ ದಾರಿ ಬಿಡಬೇಕು.

ಸಮಯದ ವಿಷಯದಲ್ಲಿ ಎರಡು ಮಾತು. ಫಲಿತಾಂಶ ಬಂದ ಮೇಲೆ ಮೂರು ಕೆಲಸದ ದಿನಗಳ ಅಂತರ ಬಿಟ್ಟು ಮರುಪರೀಕ್ಷೆಗೆ ದಿನ ಗೊತ್ತುಮಾಡಬಹುದು, ಮತ್ತೆ 23 ಪೌಂಡ್ ಕಟ್ಟಬೇಕು. ಸರ್ಕಾರದ ಜಾಲತಾಣದಲ್ಲೇ ಕಟ್ಟು. ಅದರಂತೆಯೇ ಕಾಣುವ ಬೇರೆ ತಾಣಗಳು ಹೆಚ್ಚು ಹಣ ಕೀಳುತ್ತವೆ. ರೋಷದಲ್ಲಿ ಮೊದಲು ಸಿಕ್ಕ ದಿನವನ್ನೇ ಹಿಡಿಯಬೇಡ, ಎರಡು ಮೂರು ವಾರ ಅಭ್ಯಾಸಕ್ಕೆ ಇಟ್ಟುಕೋ. ಅದೇ ಹೊತ್ತಿಗೆ ತಿಂಗಳುಗಟ್ಟಲೆ ಮುಂದೂಡಲೂ ಬೇಡ. ಭಾರತದ ಲೈಸೆನ್ಸಿನ ಮೇಲೆ ನೀನು ಇಲ್ಲಿ ಕಾರು ಓಡಿಸಬಹುದಾದದ್ದು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ, ಅದನ್ನು ಬ್ರಿಟಿಷ್ ಲೈಸೆನ್ಸಿಗೆ ಬದಲಾಯಿಸಿಕೊಡುವ ಏರ್ಪಾಡೂ ಇಲ್ಲ. ಥಿಯರಿ ಮುಗಿಯದೆ ಪ್ರಾಕ್ಟಿಕಲ್‌ಗೆ ದಿನ ಗೊತ್ತುಮಾಡಲಾಗದು, ಅದಕ್ಕೆ ಕಾಯುವ ಸಾಲೋ ಬಹಳ ಉದ್ದವಿದೆ. ಥಿಯರಿಯ ತೇರ್ಗಡೆ ಎರಡು ವರ್ಷ ಊರ್ಜಿತವಾಗಿರುವುದರಿಂದ ಆಮೇಲೆ ಆತಂಕವಿಲ್ಲ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಪರೀಕ್ಷೆಗೆ ಹೋಗುವಂಥ ದಿನವನ್ನು ಮಾತ್ರ ಖಂಡಿತ ಆರಿಸಬೇಡ. ಹೋದ ಸಲ ಹಾಗೆ ಮಾಡಿದೆಯೆಂದು ಓದಿ ದೊಡ್ಡಮ್ಮ ಬಹಳ ನೊಂದುಕೊಂಡಳು. ನಿದ್ದೆಗೆಟ್ಟ ಕಣ್ಣಿಗೆ ಎಷ್ಟು ಬಲ್ಲವಳಾದರೂ ಅಪಾಯ ತಡವಾಗಿಯೇ ಕಾಣುತ್ತದೆ.

ಮುಂದಿನ ಶನಿವಾರ ನಿನಗೆ ಡ್ಯೂಟಿ ಇಲ್ಲದಿದ್ದರೆ ಬೆಳಗಿನ ರೈಲಿಗೆ ಬಾ. ನಾನು ಕಾರು ಓಡಿಸುತ್ತೇನೆ, ನೀನು ಪಕ್ಕದಲ್ಲಿ ಕೂತು, ಕಣ್ಣಿಗೆ ಬಿದ್ದ ಪ್ರತಿಯೊಂದು ಅಪಾಯವನ್ನೂ ಅದು ಹುಟ್ಟುವ ಹೊತ್ತಿಗೇ ಬಾಯಿಬಿಟ್ಟು ಹೇಳುತ್ತ ಹೋಗು. ಶಾಲೆ, ಬಸ್ ನಿಲ್ದಾಣ, ಸಂತೆಯ ಬೀದಿ ಇರುವ ದಾರಿಯಲ್ಲೇ ಹೋಗೋಣ. ನಿನ್ನ ಪ್ರೊವಿಷನಲ್ ಕಾರ್ಡನ್ನೂ (ಇಲ್ಲಿನ ಕಲಿಕಾ ಲೈಸೆನ್ಸ್) ಪರೀಕ್ಷಾ ಕೇಂದ್ರದಲ್ಲಿ ಕೊಟ್ಟ ಫಲಿತಾಂಶದ ಹಾಳೆಯನ್ನೂ ತೆಗೆದುಕೊಂಡು ಬಾ. ಮಧ್ಯಾಹ್ನದ ಊಟವಾದ ಮೇಲೆ ಇಬ್ಬರೂ ಕೂತು ಹೊಸ ದಿನವನ್ನು ಗೊತ್ತುಮಾಡೋಣ.

ಇಂತಿ ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ