ಮ್ಯಾನೇಜರ್ ವಜಾ: ನೇಮಿಸಿದವರ ಹೆಸರೂ ಅಚ್ಚಾಗಲಿ

ಮಾನ್ಯರೇ,

ಫುಟ್‌ಬಾಲ್ ತಂಡವೊಂದು ಸತತವಾಗಿ ಸೋತು ಪಟ್ಟಿಯ ತಳಕ್ಕೆ ಇಳಿಯುತ್ತಿದ್ದಂತೆ ಮ್ಯಾನೇಜರ್‌ನ, ಅಂದರೆ ಮುಖ್ಯ ತರಬೇತುದಾರನ, ತಲೆದಂಡದ ಮಾತು ಏಳುತ್ತದೆ. ಅಭಿಮಾನಿಗಳಲ್ಲಿ ಎರಡು ಬಣಗಳಾಗುತ್ತವೆ. ಒಂದು ಬಣದ ಕೈಯಲ್ಲಿ ಅಂಕಪಟ್ಟಿ, ಇನ್ನೊಂದರ ಬಾಯಲ್ಲಿ ತಡವಾಗಿ ಗೆಲ್ಲತೊಡಗಿದ ಮ್ಯಾಂಚೆಸ್ಟರ್ ಯುನೈಟೆಡ್‌ನ ಹಳೆಯ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್. ಆ ಮನುಷ್ಯ ಹೋಗಬೇಕಿತ್ತೇ, ಉಳಿಯಬೇಕಿತ್ತೇ ಎಂದು ಇಬ್ಬರೂ ವಾರಗಟ್ಟಲೆ ಕಿತ್ತಾಡುತ್ತಾರೆ. ಆತನನ್ನು ತಂದು ಕೂರಿಸಿದವರು ಯಾರು, ಆಟಗಾರರನ್ನು ಕೊಂಡವರು ಯಾರು ಎಂದು ಕೇಳುವವರು ಮಾತ್ರ ಕಡಿಮೆ. ಕ್ಲಬ್ಬಿನ ಆಡಳಿತ ಮಂಡಳಿಗೆ ಇದಕ್ಕಿಂತ ಅನುಕೂಲವಾದ ಜಗಳ ಇನ್ನೊಂದಿಲ್ಲ.

ಇಂಗ್ಲೆಂಡಿನ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ 2024ರ ವರ್ಷವನ್ನೇ ನೋಡಿ. ಅಲ್ಲಿನ ಅತ್ಯುನ್ನತ ದರ್ಜೆಯಾದ ಪ್ರೀಮಿಯರ್ ಲೀಗ್‌ನಲ್ಲಿ ಎಂಟನೇ ಸ್ಥಾನಕ್ಕೆ ಇಳಿದಿದ್ದ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರ ತಂಡ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಎಫ್‌ಎ ಕಪ್ ಎಂಬ ನಾಕೌಟ್ ಟೂರ್ನಿ ಗೆದ್ದಿತು. ಆಡಳಿತದವರು ಒಂದಷ್ಟು ದಿನ ಹಿಂದೆಮುಂದೆ ನೋಡಿದರು, ಬೇರೆ ಕೋಚ್‌ಗಳ ಬಗ್ಗೆಯೂ ಯೋಚಿಸಿದರು, ಕೊನೆಗೆ ಜುಲೈನಲ್ಲಿ ಅವರದೇ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿದರು. ಡಿ ಲಿಖ್ಟ್, ಜಿರ್ಕ್‌ಜೀ, ಉಗಾರ್ಟೆ ಮೊದಲಾದವರನ್ನು ಕೊಳ್ಳಲು ಖಜಾನೆ ತೆರೆದರು. ಅಕ್ಟೋಬರ್ 28ರಂದು, ಲೀಗ್‌ನ ಒಂಬತ್ತೇ ಪಂದ್ಯಗಳು ಮುಗಿದಿದ್ದಾಗ, ತಂಡ 14ನೇ ಸ್ಥಾನದಲ್ಲಿದೆಯೆಂದು ಅವರನ್ನು ಮನೆಗೆ ಕಳುಹಿಸಿದರು. ಟೆನ್ ಹಾಗ್ ಮತ್ತು ಅವರ ಸಹಾಯಕರಿಗೆ ಕೊಟ್ಟ ಪರಿಹಾರ 1.04 ಕೋಟಿ ಪೌಂಡ್ ಎಂದು ಕ್ಲಬ್ಬಿನ ಲೆಕ್ಕಪತ್ರವೇ ಹೇಳುತ್ತದೆ. ಜುಲೈನಲ್ಲಿ ಕೆಲಸಕ್ಕೆ ಸೇರಿದ್ದ ಕ್ರೀಡಾ ನಿರ್ದೇಶಕ ಡ್ಯಾನ್ ಆಶ್‌ವರ್ತ್ ಡಿಸೆಂಬರ್‌ನಲ್ಲಿ ಹೊರನಡೆದರು. ಅದಕ್ಕೆ ಮತ್ತೆ 41 ಲಕ್ಷ ಪೌಂಡ್.

ಖರ್ಚು ಕಡಿತದ ಹೆಸರಿನಲ್ಲಿ ಸುಮಾರು 250 ಹುದ್ದೆಗಳನ್ನು ಇದೇ ಕ್ಲಬ್ ಇದೇ ವರ್ಷ ತೆಗೆದುಹಾಕಿತ್ತು. ಋತುವಿನ ನಡುವೆ ಸದಸ್ಯರಿಗೆ ಉಳಿದಿದ್ದ ಟಿಕೆಟ್‌ಗಳ ಬೆಲೆಯನ್ನು 66 ಪೌಂಡ್‌ಗೆ ಏರಿಸಿ, ಮಕ್ಕಳಿಗೂ ಹಿರಿಯರಿಗೂ ಇದ್ದ ರಿಯಾಯಿತಿಯನ್ನು ಕಿತ್ತುಹಾಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಹಾಗಾಯಿತು.

ಟೆನ್ ಹಾಗ್ ಜಾಗಕ್ಕೆ ಬಂದ ರುಬೆನ್ ಅಮೊರಿಮ್ ಮೂವರು ಸೆಂಟರ್ ಬ್ಯಾಕ್ (ನಡುವೆ ನಿಲ್ಲುವ ಡಿಫೆಂಡರ್), ಎರಡು ಬದಿಗೆ ವಿಂಗ್ ಬ್ಯಾಕ್ (ಬದಿಯಲ್ಲಿ ದಾಳಿಗೂ ರಕ್ಷಣೆಗೂ ಓಡುವವರು) ಇಟ್ಟುಕೊಂಡು ಆಡಿಸುವವರು. ಅವರಿಗೆ ಸಿಕ್ಕಿದ್ದು ನಾಲ್ವರು ಡಿಫೆಂಡರ್‌ಗಳ ಆಟಕ್ಕೆಂದು ಕೊಂಡುತಂದ ತಂಡ. ಬದಿಯಿಂದ ದಾಳಿ ಮಾಡುವ ವಿಂಗರ್ ಆಗಿದ್ದ ಅಮಾದ್ ಡಿಯಾಲೊ ಅವರನ್ನು ವಿಂಗ್ ಬ್ಯಾಕ್ ಮಾಡಬೇಕಾಯಿತು. ಋತು ಮುಗಿದಾಗ ತಂಡ 42 ಅಂಕಗಳೊಂದಿಗೆ 15ನೇ ಸ್ಥಾನದಲ್ಲಿತ್ತು. ಹಾಗಾದರೆ ಟೆನ್ ಹಾಗ್ ವಜಾ ತಪ್ಪೇ? ನನ್ನ ಮಟ್ಟಿಗೆ ಅಲ್ಲ, ಆಟದಲ್ಲಿ ಏನೂ ಉಳಿದಿರಲಿಲ್ಲ. ತಪ್ಪಾದದ್ದು ಜುಲೈನಲ್ಲಿ. ಬೇಸಿಗೆಯಲ್ಲೇ ಬೀಳ್ಕೊಟ್ಟಿದ್ದರೆ ಹೊಸಬರು ತಮ್ಮ ಆಟಕ್ಕೆ ಒಗ್ಗುವವರನ್ನು ಆರಿಸಿಕೊಳ್ಳುತ್ತಿದ್ದರು. ತಮಗೇ ನಂಬಿಕೆಯಿಲ್ಲದ ಮನುಷ್ಯನ ಕೈಗೆ ಒಪ್ಪಂದವನ್ನೂ ಆಟಗಾರರನ್ನೂ ಕೊಟ್ಟು ನಾಲ್ಕು ತಿಂಗಳು ತುಂಬುವ ಮೊದಲೇ ಕಿತ್ತುಕೊಂಡವರ ಹೆಸರು ಎಷ್ಟು ಅಭಿಮಾನಿಗಳಿಗೆ ನೆನಪಿದೆ?

ಅದೇ ಋತುವಿನಲ್ಲಿ, ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುರೋಪಾ ಲೀಗ್‌ನ ಫೈನಲ್‌ನಲ್ಲಿ ಈ ತಂಡವನ್ನು 1–0ರಿಂದ ಸೋಲಿಸಿದ ಟೋಟನ್‌ಹ್ಯಾಮ್ ಕೂಡ ಹದಿನಾರೇ ದಿನಗಳಲ್ಲಿ ತನ್ನ ಮ್ಯಾನೇಜರ್ ಆಂಜ್ ಪೋಸ್ಟೆಕೊಗ್ಲು ಅವರನ್ನು ಕಳುಹಿಸಿತು. ಹದಿನೇಳು ವರ್ಷಗಳ ನಂತರ ಬಂದ ಟ್ರೋಫಿ ಅದು. ಆದರೆ ಲೀಗ್‌ನಲ್ಲಿ 22 ಸೋಲು, 17ನೇ ಸ್ಥಾನ. ಅಭಿಮಾನಿಗಳು ಇಂದಿಗೂ ಈ ವಿಷಯಕ್ಕೆ ಕಾದಾಡುತ್ತಾರೆ. ಚಳಿಗಾಲದಲ್ಲಿ ಸೆಂಟರ್ ಬ್ಯಾಕ್‌ಗಳಾದ ರೊಮೆರೊ, ವಾನ್ ಡೆ ವೆನ್ ಇಬ್ಬರೂ ಗಾಯಗೊಂಡು ಕೂತಾಗ ಹದಿನೆಂಟು ವರ್ಷದ ಮಿಡ್‌ಫೀಲ್ಡರ್ ಆರ್ಚಿ ಗ್ರೇ ಸೆಂಟರ್ ಬ್ಯಾಕ್ ಆಗಿ ನಿಂತದ್ದನ್ನು ನೆನಪಿಸುವವರ ಮಾತಿನಲ್ಲಿ ತೂಕವಿದೆ. ಆದರೂ ಕ್ಲಬ್ ತನ್ನ ಹೇಳಿಕೆಯಲ್ಲಿ ಕೊಟ್ಟ ಲೆಕ್ಕ, ಅಂದರೆ ಕೊನೆಯ 66 ಲೀಗ್ ಪಂದ್ಯಗಳಲ್ಲಿ 78 ಅಂಕ, ಗಾಯಾಳುಗಳ ಪಟ್ಟಿಯಿಂದಷ್ಟೇ ವಿವರಿಸಿ ಮುಗಿಸುವಂಥದ್ದಲ್ಲ. ವಜಾಗೆ ಕಾರಣವಿತ್ತು. ಆದರೆ 2019ರ ನವೆಂಬರ್‌ನಿಂದ 2025ರ ಜೂನ್‌ವರೆಗೆ ಅದೇ ಕ್ಲಬ್ ಬಿಟ್ಟ ಮ್ಯಾನೇಜರ್‌ಗಳನ್ನು ಸಾಲಾಗಿ ನೋಡಿ: ಪೊಚೆಟ್ಟಿನೊ, ಮೌರಿನ್ಯೊ, ನೂನೊ, ಕಾಂಟೆ, ಪೋಸ್ಟೆಕೊಗ್ಲು. ಹಂಗಾಮಿಗಳನ್ನು ಬಿಟ್ಟು ಆರು ವರ್ಷಗಳೊಳಗೆ ಐವರು. ಎದುರಾಳಿಗೆ ಚೆಂಡು ಬಿಟ್ಟುಕೊಟ್ಟು ಕಾಯುವ ಮೌರಿನ್ಯೊಗೂ, ಡಿಫೆನ್ಸನ್ನು ಅರ್ಧ ಮೈದಾನದವರೆಗೆ ಮುಂದೆ ತಳ್ಳುವ ಪೋಸ್ಟೆಕೊಗ್ಲುಗೂ ಹೊಂದುವ ತಂಡ ಒಂದೇ ಹೇಗಾದೀತು? ಅಷ್ಟೂ ಕಾಲ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಮಾತ್ರ ಒಬ್ಬರೇ, ಡೇನಿಯಲ್ ಲೆವಿ. ಅವರು ಕೆಳಗಿಳಿದದ್ದು 2025ರ ಸೆಪ್ಟೆಂಬರ್‌ನಲ್ಲಿ.

ಇನ್ನು ಫರ್ಗ್ಯುಸನ್ ಬಣದವರ ವಿಷಯ. 1986ರಲ್ಲಿ ಯುನೈಟೆಡ್‌ಗೆ ಬಂದವರಿಗೆ 1990ರವರೆಗೆ ಒಂದೂ ಕಪ್ ಸಿಗಲಿಲ್ಲ, ಹೋಗೆಂದು ಬ್ಯಾನರ್ ಹಿಡಿದಿದ್ದರು, ಆದರೂ ತಾಳ್ಮೆ ಫಲ ಕೊಟ್ಟಿತು ಎನ್ನುತ್ತಾರೆ. ಕಥೆಯ ಅರ್ಧವನ್ನಷ್ಟೇ ಹೇಳುತ್ತಾರೆ. ಆ ಹೊತ್ತಿಗೆ ತಂಡ ಒಮ್ಮೆ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂದಿತ್ತು. ಯುವ ಆಟಗಾರರನ್ನು ಹುಡುಕಿ ಬೆಳೆಸುವ ವ್ಯವಸ್ಥೆಯನ್ನು ಅವರು ಬುಡದಿಂದ ಕಟ್ಟುತ್ತಿದ್ದರು, ಮುಂದೆ ತಾರೆಯಾದ ರಯಾನ್ ಗಿಗ್ಸ್ ಆಗಲೇ ಕ್ಲಬ್ಬಿನಲ್ಲಿದ್ದ ಹುಡುಗ. ಕಾದವರಿಗೆ ಕಣ್ಣೆದುರು ಏನೋ ಇತ್ತು. 2021ರಲ್ಲಿ ಆರ್ಸೆನಲ್ ಮೊದಲ ಮೂರೂ ಪಂದ್ಯ ಸೋತು, ಒಂಬತ್ತು ಗೋಲು ಬಿಟ್ಟುಕೊಟ್ಟು, ಒಂದನ್ನೂ ಹೊಡೆಯದೆ ಕಟ್ಟಕಡೆಯ ಸ್ಥಾನದಲ್ಲಿದ್ದಾಗಲೂ ಮ್ಯಾನೇಜರ್ ಆರ್ಟೆಟಾ ಅವರನ್ನು ಉಳಿಸಿಕೊಂಡದ್ದು ಹೀಗೆಯೇ. ಒಡೆಗಾರ್ಡ್, ಬೆನ್ ವೈಟ್, ರಾಮ್ಸ್‌ಡೇಲ್ ಅವರನ್ನು ಆ ಬೇಸಿಗೆಯಲ್ಲೇ ಕೊಂಡಿದ್ದರು. ಯಾವ ತಂಡ ಬೇಕೆಂಬುದು ಗೊತ್ತಿತ್ತು. ಏನೂ ಕಾಣದಿದ್ದಾಗ ಕಾಯುವುದನ್ನು ತಾಳ್ಮೆ ಎನ್ನುವುದು ದೊಡ್ಡ ಮಾತಾಯಿತು. ಸಮಯ ಕೊಟ್ಟೂ ಏನೂ ಆಗದೆ ಹೋದ ಮ್ಯಾನೇಜರ್‌ಗಳ ಹೆಸರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹೊಸಬ ಬಂದೊಡನೆ ಗೆಲುವು ಬರುತ್ತದೆಂಬ ನಂಬಿಕೆಯೂ ಅಷ್ಟೇ ಟೊಳ್ಳು. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ತಮ್ಮ ದೇಶದ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಕೆದಕಿ ನೋಡಿದರು. ಸೋಲಿನ ಸುಳಿಗೆ ಸಿಕ್ಕಿ ಮ್ಯಾನೇಜರ್‌ನನ್ನು ತೆಗೆದ ತಂಡಗಳು ಚೇತರಿಸಿಕೊಂಡವು, ಸರಿ. ಅಂಥದೇ ಸುಳಿಯಲ್ಲಿ ಸಿಕ್ಕಿಯೂ ತೆಗೆಯದ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡಿದ್ದವು. ಇಂಗ್ಲೆಂಡಿನ ನಾರ್ವಿಚ್ ಕ್ಲಬ್ 2021ರ ನವೆಂಬರ್‌ನಲ್ಲಿ ಋತುವಿನ ಮೊದಲ ಲೀಗ್ ಗೆಲುವು ಕಂಡ ದಿನವೇ ಮ್ಯಾನೇಜರ್ ಡೇನಿಯಲ್ ಫಾರ್ಕೆ ಅವರನ್ನು ವಜಾ ಮಾಡಿತು. ಕೊನೆಗೂ ತಳದಲ್ಲೇ ಉಳಿದು ಕೆಳಗಿನ ದರ್ಜೆಗೆ ಇಳಿಯಿತು. ಅದೇ ಫಾರ್ಕೆ 2025ರಲ್ಲಿ ಲೀಡ್ಸ್ ತಂಡವನ್ನು 100 ಅಂಕಗಳೊಂದಿಗೆ ಪ್ರೀಮಿಯರ್ ಲೀಗ್‌ಗೆ ಹತ್ತಿಸಿದರು.

ಇದಕ್ಕೆ ವಿರುದ್ಧದ ಉದಾಹರಣೆಯೂ ಇದೆ, ಬಚ್ಚಿಡುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಆಸ್ಟನ್ ವಿಲ್ಲಾ ಕ್ಲಬ್ ಮ್ಯಾನೇಜರ್ ಜೆರಾರ್ಡ್ ಅವರನ್ನು ತೆಗೆದು ಕೆಲವೇ ದಿನಗಳಲ್ಲಿ ಉನಾಯ್ ಎಮೆರಿ ಅವರನ್ನು ಕರೆತಂದಿತು. ಬಹುಪಾಲು ಅದೇ ಆಟಗಾರರು, ಋತುವಿನ ಕೊನೆಗೆ ಏಳನೇ ಸ್ಥಾನ. ಇಂಥ ವಜಾ ಬಗ್ಗೆ ವಾದಕ್ಕೇ ಜಾಗವಿಲ್ಲ. ಅಲ್ಲಿ ಆಡಳಿತದವರಿಗೆ ಮುಂದಿನವರು ಯಾರೆಂಬುದು ಖಚಿತವಾಗಿತ್ತು. ಎಲ್ಲ ತಪ್ಪೂ ಆಟಗಾರರದೇ ಎನ್ನುವ ಮೂರನೇ ಬಣವೊಂದಿದೆ. ಇಪ್ಪತ್ತೈದು ಜನರನ್ನು ಒಟ್ಟಿಗೆ ಬದಲಿಸಲಾಗದೆಂಬುದು ಅವರಿಗೂ ಗೊತ್ತಿರುವುದರಿಂದ ಅವರೊಡನೆ ಜಗಳವಿಲ್ಲ.

ತಮ್ಮ ಕ್ರೀಡಾ ಪುಟಕ್ಕೆ ನನ್ನದೊಂದು ವಿನಂತಿ. ಯಾವ ದೇಶದ ಯಾವ ಕ್ಲಬ್ಬೇ ಆಗಲಿ, ಮ್ಯಾನೇಜರ್ ವಜಾ ಆದ ಸುದ್ದಿಯೊಂದಿಗೆ ಸೋಲು–ಗೆಲುವಿನ ಕೋಷ್ಟಕ ಹೇಗೂ ಬರುತ್ತದೆ. ಅದರ ಕೆಳಗೆ ಇನ್ನೂ ಮೂರು ಸಾಲು ಸೇರಿಸಿ: ಅವರನ್ನು ನೇಮಿಸಿದವರು ಯಾರು, ಒಪ್ಪಂದದಲ್ಲಿ ಎಷ್ಟು ಕಾಲ ಬಾಕಿಯಿತ್ತು, ಕಳೆದ ವರ್ಗಾವಣೆ ಅವಧಿಯಲ್ಲಿ ಆಟಗಾರರ ಖರೀದಿಗೆ ಒಪ್ಪಿಗೆ ಕೊಟ್ಟವರು ಯಾರು. ಮುಂದಿನ ಮ್ಯಾನೇಜರ್ ವಜಾ ಆದಾಗ ಹಳೆಯ ಸಂಚಿಕೆ ತೆಗೆದು ಹೆಸರುಗಳನ್ನು ತಾಳೆ ನೋಡುವ ಕೆಲಸವನ್ನು ಓದುಗರು ಮಾಡಿಕೊಳ್ಳುತ್ತೇವೆ.

ಇಂತಿ,
ಫುಟ್‌ಬಾಲ್ ಅಭಿಮಾನಿ ಓದುಗ