ಜೆಮಿನಿ ಶಂಕರನ್ ಮೊದಲು ಕಸರತ್ತಿನವರು

ಮಾನ್ಯರೇ,

ಜೆಮಿನಿ ಸರ್ಕಸ್ಸಿನ ಸ್ಥಾಪಕ ಜೆಮಿನಿ ಶಂಕರನ್ (1924–2023) ಎಂದರೆ ಆನೆ, ಹುಲಿ, ಜೋಕರ್ ಎಂದಷ್ಟೇ ನೆನೆಯುವವರು ಬಹಳ. ಆದರೆ ಅವರು ತಲಶ್ಶೇರಿಯ ಕೀಲೇರಿ ಕುಞಿಕಣ್ಣನ್ ಅವರ ಶಿಷ್ಯ. ಆ ಗುರುವೋ ಶಾಲೆಯಲ್ಲಿ ಜಿಮ್ನಾಸ್ಟಿಕ್ಸ್ ಕಲಿಸಿದವರು. 1951ರಲ್ಲಿ ವಿಜಯಾ ಸರ್ಕಸ್ಸನ್ನು 6,000 ರೂಪಾಯಿಗೆ ಕೊಂಡು, ಶಂಕರನ್ ತಮ್ಮ ಮಿಥುನ ರಾಶಿಯ ಇಂಗ್ಲಿಷ್ ಹೆಸರು ‘ಜೆಮಿನಿ’ಯನ್ನೇ ಅದಕ್ಕೆ ಇಟ್ಟರು. ಆಗಸ್ಟ್ 15ರಂದು ಈಗಿನ ಗುಜರಾತಿನ ಬಿಲಿಮೋರಾದಲ್ಲಿ ಮೊದಲ ಆಟ.

ಸರ್ಕಸ್ಸಿನಲ್ಲಿ ಟ್ರಪೀಜ್ (ಎತ್ತರದ ಉಯ್ಯಾಲೆಯಿಂದ ಹಾರುವ ಆಟ) ನೋಡುವವರ ಕಣ್ಣು ಹಾರುವವನ ಮೇಲೆ; ನಿಜವಾದ ಲೆಕ್ಕ ಅವನನ್ನು ಹಿಡಿಯುವವನದು. ಹಿಡಿಯುವವನು ತಲೆಕೆಳಗಾಗಿ ತೂಗುತ್ತಾ, ಬೆರಳನ್ನಲ್ಲ, ಮಣಿಕಟ್ಟನ್ನು ಹಿಡಿಯಬೇಕು. ಬೆವರಿದರೆ ಜಾರುತ್ತದೆ, ಅದಕ್ಕೇ ಕೈಗೆ ಮೆಗ್ನೀಸಿಯಂ ಕಾರ್ಬೊನೇಟಿನ ಬಿಳಿ ಪುಡಿ. ಹಾರುವವನು ಉಯ್ಯಾಲೆಯನ್ನು ಕ್ಷಣ ತಡವಾಗಿ ಬಿಟ್ಟರೂ ಕೈ ಸಿಗದು. ಬಲೆಗೆ ಬೀಳುವಾಗ ಬೆನ್ನೇ ಮೊದಲು ತಾಗಬೇಕು. ಕಾಲೂರಿದರೆ ಪಾದ ಉಳುಕಬಹುದು, ಬಲೆ ಹೊರಕ್ಕೂ ಚಿಮ್ಮಿಸಬಹುದು.

ಹುಲಿ, ಸಿಂಹ, ಕರಡಿ, ಕೋತಿಗಳ ಪ್ರದರ್ಶನ ನಿಷೇಧವನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸರಿಯೇ. ಉಳಿದದ್ದು ಮನುಷ್ಯನ ಮೈಕಸುವು. ಊರಿಗೆ ಡೇರೆ ಬಂದಾಗ ಆ ಸುದ್ದಿಯನ್ನು ‘ನಗರದಲ್ಲಿ ಇಂದು’ ಮೂಲೆಗೆ ತಳ್ಳದೆ, ದಯವಿಟ್ಟು ಕ್ರೀಡಾಪುಟದಲ್ಲಿ ಹಾಕಿ.

– ಸರ್ಕಸ್‌ಪ್ರಿಯ ಓದುಗರು, ಮಂಗಳೂರು